ತಂತ್ರ ಅಂದ್ರೆ ನಿಂಬೆಹಣ್ಣಲ್ಲ

ನಮ್ಮ ಅರಸೀಕೆರೆ ಕಡೆ ಯಾರಾದರೂ ‘ತಂತ್ರ’ ಅಂದರೆ ಸಾಕು, ಕೇಳಿದವರ ಕಣ್ಣ ಮುಂದೆ ಮೂರು ದಾರಿ ಕೂಡುವಲ್ಲಿ ಬಿದ್ದಿರುವ ಕುಯ್ದ ನಿಂಬೆಹಣ್ಣು, ಕುಂಕುಮ ಮೆತ್ತಿದ ಬೂದುಗುಂಬಳ, ಅಮಾವಾಸ್ಯೆಯ ಕೋಳಿ ಬಂದು ನಿಲ್ಲುತ್ತವೆ. ಮಾಟ, ಮಂತ್ರ, ತಂತ್ರ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಅಭ್ಯಾಸವಾದ ನಾಲಿಗೆ ನಮ್ಮದು. ಅದೇ ಪದವನ್ನು ಮೊಬೈಲ್‌ನಲ್ಲಿ ಹುಡುಕಿ ನೋಡಿ, ಅಲ್ಲಿ ಬೇರೆಯದೇ ಸಂತೆ. ಒಂದು ಕಡೆ ಮಂದ ಬೆಳಕಿನಲ್ಲಿ ಜೋಡಿಗಳ ಶಿಬಿರ, ಇನ್ನೊಂದು ಕಡೆ ಇಪ್ಪತ್ತೊಂದು ದಿನದಲ್ಲಿ ಕುಂಡಲಿನಿ ಎಬ್ಬಿಸಿಕೊಡುವ ಆನ್‌ಲೈನ್ ಕೋರ್ಸು, ಮೊದಲು ಸೇರಿದವರಿಗೆ ಅರ್ಧ ಬೆಲೆ.

ತಮಾಷೆ ನೋಡಿ, ಇದೇ ಪದವನ್ನು ನಾವು ದಿನಕ್ಕೆ ಹತ್ತು ಸಲ ಹೆದರದೆ ಬಳಸುತ್ತೇವೆ. ತಂತ್ರಜ್ಞಾನ ಓದುತ್ತೇವೆ. ಪ್ರಜಾತಂತ್ರದ ಬಗ್ಗೆ ಪರೀಕ್ಷೆಗೆ ಟಿಪ್ಪಣಿ ಬರೆದುಕೊಳ್ಳುತ್ತೇವೆ. ಕ್ರಿಕೆಟ್ ನೋಡುತ್ತಾ ನಾಯಕನ ರಣತಂತ್ರ ಸರಿಯಿಲ್ಲ ಎಂದು ಬೈಯುತ್ತೇವೆ. ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಆಚರಿಸುತ್ತೇವೆ. ಅಲ್ಲೆಲ್ಲ ಇರುವುದು ಈ ತಂತ್ರವೇ. ಸಂಸ್ಕೃತದ ‘ತನ್’ ಎಂಬ ಧಾತುವಿಗೆ ಹರಡು, ಹಿಗ್ಗಿಸು ಎಂಬ ಅರ್ಥ. ಮಗ್ಗಕ್ಕೂ, ಅದರ ಮೇಲೆ ಹಾಸಿದ ನೂಲಿಗೂ ತಂತ್ರ ಎಂದೇ ಹೆಸರು. ಅಲ್ಲಿಂದ ಒಂದು ಕ್ರಮ, ಒಂದು ವ್ಯವಸ್ಥೆ, ಕೊನೆಗೆ ಅಂಥ ಕ್ರಮವನ್ನು ಹೇಳುವ ಗ್ರಂಥ ಎಂಬ ಅರ್ಥಗಳು ಬಂದವು. ಅಂಥ ಗ್ರಂಥಗಳು ಶೈವರಲ್ಲಿವೆ, ಶಾಕ್ತರಲ್ಲಿವೆ, ವೈಷ್ಣವರಲ್ಲಿವೆ, ಬೌದ್ಧರಲ್ಲಿವೆ. ಕರ್ನಾಟಕದ ಜೈನರು ಪೂಜಿಸುವ ಪದ್ಮಾವತಿ, ಜ್ವಾಲಾಮಾಲಿನಿಯರ ಸುತ್ತಲೂ ಮಂತ್ರ, ಯಂತ್ರಗಳ ಸಾಹಿತ್ಯವೇ ಬೆಳೆದಿದೆ.

ನಾನು ಇದರ ಹಿಂದೆ ಬಿದ್ದದ್ದು ಭಕ್ತಿಯಿಂದ ಅಲ್ಲ. ನನ್ನ ಜೊತೆ ಡಿಗ್ರಿ ಮುಗಿಸಿದ ಗೆಳೆಯನೊಬ್ಬ ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ. ಎರಡು ಸಲ ಕಟ್‌ಆಫ್ ಹತ್ತಿರ ಹೋಗಿ ಬಂದಿದ್ದ. ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ಏಕಾಗ್ರತೆ ಬೇಕು ಎಂದು ಇಂಥದ್ದೇ ಒಂದು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಜೋರಾಗಿ ಉಸಿರು ಎಳೆದು ಬಿಡುವುದು, ಆಮೇಲೆ ತಡೆಯಲಾಗದಷ್ಟು ಹೊತ್ತು ಕಟ್ಟಿ ಹಿಡಿಯುವುದು. ಮೂರನೇ ವಾರಕ್ಕೆ ನಿದ್ದೆ ಹೋಯಿತು. ಎದೆ ಹೊಡೆದುಕೊಳ್ಳುತ್ತಿತ್ತು. ಬೆನ್ನಲ್ಲಿ ಇರುವೆ ಹರಿದ ಹಾಗೆ ಆಗುತ್ತಿತ್ತು. ಕೋರ್ಸಿನವರನ್ನು ಕೇಳಿದರೆ, ‘ಶಕ್ತಿ ಏಳುತ್ತಿದೆ, ಒಳ್ಳೆಯ ಲಕ್ಷಣ, ಮುಂದಿನ ಹಂತಕ್ಕೆ ಸೇರಿಕೊಳ್ಳಿ’ ಎಂದರಂತೆ. ಮುಂದಿನ ಹಂತಕ್ಕೆ ಮತ್ತೆ ಫೀಸು. ಒಂದು ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ, ‘ಲೋ, ನಂಗೇನೋ ಆಗ್ತಿದೆ ಕಣೋ’ ಅಂದ. ಆ ದನಿ ಇನ್ನೂ ನೆನಪಿದೆ.

ಅವನಿಗೆ ಏನಾಯಿತು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಅವನು ದುಡ್ಡು ಕೊಟ್ಟು ಕೊಂಡದ್ದು ನಿಜವಾಗಿಯೂ ಏನನ್ನು ಎಂಬ ಪ್ರಶ್ನೆ ನನಗೆ ಅಂಟಿಕೊಂಡಿತು. ಲೈಬ್ರರಿಯಲ್ಲಿ ಸಿಕ್ಕಿದ್ದನ್ನು ಓದಿದೆ, ತಿಳಿದವರನ್ನು ಕೇಳಿದೆ, ನಮ್ಮ ಜಿಲ್ಲೆಯಲ್ಲೇ ನೋಡಬಹುದಾದ್ದನ್ನು ನೋಡಿ ಬಂದೆ. ಅಜ್ಜಿಗೆ ಹೇಳಿದಾಗ, ‘ಅದರ ಸಾವಾಸ ಬ್ಯಾಡ ಕಣ್ಮಗಾ’ ಎಂದು ದೃಷ್ಟಿ ತೆಗೆದಳು. ಉಪ್ಪು, ಮೆಣಸಿನಕಾಯಿ ಹಿಡಿದು ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದಳು. ಅದೂ ಒಂದು ತಂತ್ರವೇ ಅಲ್ಲವೇನಜ್ಜಿ ಎಂದು ಕೇಳುವ ಧೈರ್ಯ ಬರಲಿಲ್ಲ.

ದೇವಸ್ಥಾನದೊಳಗೇ ಇದೆ

ಅರಸೀಕೆರೆಯ ಪಕ್ಕದಲ್ಲೇ ಮಾಲೇಕಲ್ಲು ತಿರುಪತಿ. ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಬೆಟ್ಟದ ಮೇಲೆ ವೆಂಕಟರಮಣ. ಆಷಾಢದ ಜಾತ್ರೆಗೆ ಸುತ್ತಲ ಜಿಲ್ಲೆಗಳ ಜನ ಸೇರುತ್ತಾರೆ. ಉಳಿದ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಸಿಗುವವರು ಹರಕೆಯವರು, ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಾಗುವ ಹುಡುಗರು, ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದು ಡಾಕ್ಟರ್ ಹೇಳಿದವರು. ಇಂಥ ವೈಷ್ಣವ ಕ್ಷೇತ್ರಕ್ಕೂ ತಂತ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಹಾಗೇ ಕೇಳಿದ್ದೆ, ನಮ್ಮ ಬೀದಿಯ ಹಿರಿಯ ಅರ್ಚಕರೊಬ್ಬರನ್ನು.

ಅವರು ನಕ್ಕರು. ‘ದೇವರನ್ನ ಮುಟ್ಟೋಕೆ ಮುಂಚೆ ನಾನು ಏನು ಮಾಡ್ತೀನಿ ಗೊತ್ತೇನಪ್ಪಾ?’ ಎಂದು ಒಂದೊಂದಾಗಿ ಹೇಳಿದರು. ಮೊದಲು ಭೂತಶುದ್ಧಿ. ಕಣ್ಣು ಮುಚ್ಚಿ, ತನ್ನ ಮೈಯಲ್ಲಿರುವ ಮಣ್ಣಿನ ಅಂಶ ನೀರಿನಲ್ಲಿ ಕರಗಿತು, ನೀರು ಬೆಂಕಿಯಲ್ಲಿ, ಬೆಂಕಿ ಗಾಳಿಯಲ್ಲಿ, ಗಾಳಿ ಆಕಾಶದಲ್ಲಿ ಲೀನವಾಯಿತು ಎಂದು ಭಾವಿಸುವುದು, ಆಮೇಲೆ ಅದೇ ಕ್ರಮದಲ್ಲಿ ಹಿಂದಕ್ಕೆ ಬಂದು ಹೊಸ ಮೈಯನ್ನು ಕಟ್ಟಿಕೊಳ್ಳುವುದು. ಆಮೇಲೆ ನ್ಯಾಸ. ಬೆರಳಿಗೆ, ಎದೆಗೆ, ತಲೆಗೆ, ಶಿಖೆಗೆ, ಕಣ್ಣಿಗೆ ಒಂದೊಂದು ಮಂತ್ರ ಹೇಳಿ ಮುಟ್ಟಿಕೊಳ್ಳುವುದು. ಆಮೇಲೆ ಮುದ್ರೆ, ಪ್ರಾಣಾಯಾಮ, ಜಪ. ದೇವರಾಗದೆ ದೇವರನ್ನು ಪೂಜಿಸಬಾರದು ಎಂಬುದು ಇದರ ಹಿಂದಿರುವ ವಿಚಾರ. ‘ಇದನ್ನ ಆಗಮ ಅಂತೀವಿ. ತಂತ್ರ ಅಂದ್ರೆ ಜನ ಬೇರೇನೇ ತಿಳ್ಕೋತಾರೆ’ ಅಂದರು.

ವಿಷ್ಣು ದೇವಾಲಯಗಳು ಅನುಸರಿಸುವ ಎರಡು ಆಗಮಗಳಲ್ಲಿ ಒಂದು ಪಾಂಚರಾತ್ರ, ಇನ್ನೊಂದು ವೈಖಾನಸ. ಮೇಲುಕೋಟೆಯದು ಪಾಂಚರಾತ್ರ ಪದ್ಧತಿ. ಆ ಪಾಂಚರಾತ್ರದ ಗ್ರಂಥಗಳಲ್ಲೊಂದರ ಹೆಸರೇ ‘ಲಕ್ಷ್ಮೀತಂತ್ರ’. ಕರಾವಳಿ ಮತ್ತು ಕಾಸರಗೋಡಿನ ಕಡೆ ಹೋದರೆ ಮುಚ್ಚುಮರೆಯೇ ಇಲ್ಲ, ದೇವಸ್ಥಾನದ ಪ್ರಧಾನ ಆಚಾರ್ಯರನ್ನು ‘ತಂತ್ರಿಗಳು’ ಎಂದೇ ಕರೆಯುತ್ತಾರೆ. ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ.

ಹಾಗಾದರೆ ಹೆದರಿಕೆ ಹುಟ್ಟಿಸುವ ಭಾಗ ಇಲ್ಲವೇ? ಇದೆ. ಅದನ್ನು ನೋಡಬೇಕೆಂದರೆ ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿ ದೊಡ್ಡಗದ್ದವಳ್ಳಿಗೆ ಹೋಗಿ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಪ್ರವಾಸಿಗಳ ಸಂಖ್ಯೆಗೇನೂ ಕಡಿಮೆಯಿಲ್ಲ. ಆದರೆ ಬಸ್ಸಿನಲ್ಲಿ ಬರುವವರು ಮದನಿಕೆಯರ ಮುಂದೆ ಸೆಲ್ಫಿ ತೆಗೆದುಕೊಂಡು ಹೊರಟುಬಿಡುತ್ತಾರೆ, ದೊಡ್ಡಗದ್ದವಳ್ಳಿಯ ಕಡೆ ಹೊರಳುವವರು ಕಡಿಮೆ. ವಿಷ್ಣುವರ್ಧನನ ಕಾಲದಲ್ಲಿ, 1114ರ ಸುಮಾರಿಗೆ, ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ ಅದು. ನಾಲ್ಕು ಗರ್ಭಗುಡಿಗಳು ಒಂದೇ ಸೂರಿನ ಕೆಳಗಿವೆ. ಒಂದರಲ್ಲಿ ಲಕ್ಷ್ಮಿ, ಇನ್ನೊಂದರಲ್ಲಿ ಕಾಳಿ. ಕಾಳಿಯ ಬಾಗಿಲ ಎರಡೂ ಪಕ್ಕ ಆಳೆತ್ತರದ ಬೇತಾಳಗಳು ನಿಂತಿವೆ. ಹೊಟ್ಟೆ ಬೆನ್ನಿಗೆ ಅಂಟಿದೆ, ಪಕ್ಕೆಲುಬು ಎಣಿಸಬಹುದು. ಮಟಮಟ ಮಧ್ಯಾಹ್ನದಲ್ಲೂ ಆ ಅರೆಗತ್ತಲಲ್ಲಿ ಅವನ್ನು ನೋಡಿದರೆ ಒಂದು ಕ್ಷಣ ಹೆಜ್ಜೆ ಹಿಂದಕ್ಕೆ ಬರುತ್ತದೆ.

ನನಗೆ ಅನ್ನಿಸಿದ್ದು ಇಷ್ಟು. ಹತ್ತು ಹೆಜ್ಜೆ ಆಚೆ ಲಕ್ಷ್ಮಿ, ಇಲ್ಲಿ ಬೇತಾಳ. ಕಟ್ಟಿಸಿದ ಗಂಡಹೆಂಡತಿ ಯಾವ ಗುಹೆಯ ಕಾಪಾಲಿಕರೂ ಅಲ್ಲ, ವ್ಯಾಪಾರಸ್ಥರು. ಸಿರಿ ಮತ್ತು ಸಾವು ಎರಡನ್ನೂ ಒಂದೇ ಅಂಗಳದಲ್ಲಿ ನಿಂತು ನೋಡಿ ಎಂದು ಹೇಳಿದ ಹಾಗಿದೆ ಆ ಗುಡಿ. ಹಳೆಯ ತಂತ್ರಗಳಲ್ಲಿ ಬರುವ ಸ್ಮಶಾನ, ತಲೆಬುರುಡೆ, ಉಗ್ರ ದೇವತೆಗಳೆಲ್ಲ ಮನುಷ್ಯ ಯಾವುದನ್ನು ಕಂಡು ಓಡುತ್ತಾನೋ ಅದರ ಮುಂದೆ ಅವನನ್ನು ಕೂರಿಸುವ ಏರ್ಪಾಡು. ಇದರ ಹೆಸರಿನಲ್ಲಿ ಬಲಿ, ಹಿಂಸೆ, ಮೋಸ ನಡೆದಿಲ್ಲವೆಂದಲ್ಲ. ನಡೆದಿರುವುದರಿಂದಲೇ ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ 2017ರ ಕಾಯ್ದೆ ಬಂತು, 2020ರಲ್ಲಿ ಜಾರಿಯೂ ಆಯಿತು. ಭಯ ತೋರಿಸಿ ದುಡ್ಡು ಕೀಳುವವನಿಗೂ, ಭಯದ ಮುಂದೆ ಸುಮ್ಮನೆ ಕೂರಲು ಕಲಿಸುವವನಿಗೂ ಇರುವ ಅಂತರವನ್ನು ನಾವೇ ನೋಡಿಕೊಳ್ಳಬೇಕು.

ಚಕ್ರಕ್ಕೆ ಬಣ್ಣ ಬಳಿದವರು

ತಂತ್ರಯೋಗದ ಒಳಗಿನ ವಿಚಾರ ಕೇಳಲು ಸರಳ. ಮೈ ಅಡ್ಡಿಯಲ್ಲ, ಮೈಯೇ ದಾರಿ. ಬೇರೆ ಕೆಲವು ಮಾರ್ಗಗಳು ದೇಹವನ್ನು ಬಿಟ್ಟು ಮೇಲೇರಿ ಎಂದರೆ ಇದು ದೇಹದೊಳಗೇ ಇಳಿಯಿರಿ ಎನ್ನುತ್ತದೆ. ಬೆನ್ನುಹುರಿಯ ಉದ್ದಕ್ಕೂ ಸುಷುಮ್ನಾ ಎಂಬ ನಾಡಿ, ಅದರ ಎಡಬಲಕ್ಕೆ ಇಡಾ, ಪಿಂಗಳಾ. ದಾರಿಯಲ್ಲಿ ಚಕ್ರಗಳು. ಬುಡದಲ್ಲಿ ಸುರುಳಿ ಸುತ್ತಿ ಮಲಗಿದ ಹಾವಿನಂತೆ ಕುಂಡಲಿನಿ. ಉಸಿರು, ಮಂತ್ರ, ಮುದ್ರೆ, ಧ್ಯಾನಗಳಿಂದ ಅದು ಎದ್ದು ಮೇಲಕ್ಕೆ ಹೋಗಿ ನೆತ್ತಿಯಲ್ಲಿ ಶಿವನನ್ನು ಸೇರುತ್ತದೆ ಎನ್ನುವುದು ಚಿತ್ರ. ಇದು ಎಕ್ಸ್‌ರೇಯಲ್ಲಿ ಕಾಣುವ ಅಂಗಗಳ ನಕ್ಷೆಯಲ್ಲ. ಮನಸ್ಸು ಹಿಡಿದುಕೊಂಡು ನಡೆಯಲು ಕೊಟ್ಟ ನಕ್ಷೆ. ಹಾಗಾಗಿಯೇ ಬೇರೆ ಬೇರೆ ಗ್ರಂಥಗಳಲ್ಲಿ ಚಕ್ರಗಳ ಸಂಖ್ಯೆ ಬೇರೆ ಬೇರೆ. ಕೆಲವು ಬೌದ್ಧ ತಂತ್ರಗಳಲ್ಲಿ ನಾಲ್ಕೇ.

ಇವತ್ತು ಎಲ್ಲ ಕಡೆ ಕಾಣುವ ಆರು ಮತ್ತು ನೆತ್ತಿಯದೊಂದು ಎಂಬ ಲೆಕ್ಕ ಜಗತ್ತಿಗೆಲ್ಲ ಹಬ್ಬಿದ್ದು ಒಂದು ಪುಸ್ತಕದಿಂದ. ಬಂಗಾಳದ ಪೂರ್ಣಾನಂದ ಎಂಬುವರು 1577ರಲ್ಲಿ ಬರೆದ ‘ಷಟ್‌ಚಕ್ರನಿರೂಪಣ’ವನ್ನು ಕಲ್ಕತ್ತಾ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಜಾನ್ ವುಡ್ರಫ್, ಆರ್ಥರ್ ಅವಲಾನ್ ಎಂಬ ಹೆಸರಿನಲ್ಲಿ 1919ರಲ್ಲಿ ಇಂಗ್ಲಿಷ್‌ಗೆ ತಂದರು. ಹಗಲು ಕೋರ್ಟು, ಬಿಡುವಿನಲ್ಲಿ ಕುಂಡಲಿನಿ. ಆ ಗ್ರಂಥದ ಬಣ್ಣಗಳನ್ನು ನೋಡಿದಾಗ ನನಗೆ ಆಶ್ಚರ್ಯವಾಯಿತು. ಗೆಳೆಯನ ಕೋರ್ಸಿನ ಪೋಸ್ಟರಿನಲ್ಲಿ ಹೊಕ್ಕುಳ ಬಳಿಯ ಮಣಿಪೂರ ಹಳದಿ, ಎದೆಯ ಅನಾಹತ ಹಸಿರು, ಹುಬ್ಬುಗಳ ನಡುವಿನ ಆಜ್ಞಾ ಕಡುನೀಲಿ. ಪೂರ್ಣಾನಂದರಲ್ಲಿ ಮಣಿಪೂರದ ದಳಗಳು ಮಳೆ ತುಂಬಿದ ಮೋಡದ ಬಣ್ಣ, ಅನಾಹತದ್ದು ಬಂಧೂಕ ಹೂವಿನ ಕೆಂಪು, ಆಜ್ಞಾ ಚಂದ್ರನ ಬಿಳುಪು. ಕಾಮನಬಿಲ್ಲಿನ ಏಳು ಬಣ್ಣಗಳನ್ನು ಸಾಲಾಗಿ ಬಳಿದದ್ದು ಇಪ್ಪತ್ತನೇ ಶತಮಾನದ ಪಶ್ಚಿಮದವರು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಐದು ಸಾವಿರ ವರ್ಷದ ರಹಸ್ಯ ಎಂದು ಅದನ್ನು ಮಾರುವವರನ್ನು ಕಂಡರೆ ನಗು ಬರುತ್ತದೆ.

ಆಸನ, ಪ್ರಾಣಾಯಾಮ ಎಂದು ನಾವು ಶಾಲೆಯಲ್ಲಿ ಜೂನ್ 21ಕ್ಕೆ ಮಾಡುತ್ತೇವಲ್ಲ, ಅದಕ್ಕೂ ತಂತ್ರಕ್ಕೂ ರಕ್ತಸಂಬಂಧವಿದೆ. ಮೂಲಬಂಧ, ಜಾಲಂಧರಬಂಧ ಮುಂತಾದ ಹಠಯೋಗದ ತಂತ್ರಗಳು ಕಾಣಸಿಗುವ ಅತಿ ಹಳೆಯ ಗ್ರಂಥಗಳಲ್ಲಿ ಒಂದು, ಹನ್ನೊಂದನೇ ಶತಮಾನದ ‘ಅಮೃತಸಿದ್ಧಿ’. ಅದು ಹುಟ್ಟಿದ್ದು ತಾಂತ್ರಿಕ ಬೌದ್ಧರ ನಡುವೆ ಎಂದು ಅದನ್ನು 2021ರಲ್ಲಿ ಸಂಪಾದಿಸಿ ಪ್ರಕಟಿಸಿದ ವಿದ್ವಾಂಸರು ತೋರಿಸಿದ್ದಾರೆ. ಅಲ್ಲಿಂದ ನಾಥರು, ನಾಥರಿಂದ ಎಲ್ಲ ಕಡೆಗೆ. ಮಂಗಳೂರಿನ ಕದ್ರಿಯಲ್ಲಿ ಈಗಲೂ ನಾಥ ಜೋಗಿಗಳ ಮಠವಿದೆ. ನಮ್ಮ ಕಡೆಯ ಶೈವ ಮಠಗಳಲ್ಲೂ ಇದರ ಓದು ಇತ್ತು. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ಅಲ್ಲಿ ನಡೆಯುತ್ತಿದ್ದ ಪಾಠಗಳ ಪಟ್ಟಿಯನ್ನೇ ಕೊಡುತ್ತದೆ. ವೇದ, ವ್ಯಾಕರಣ, ಷಡ್ದರ್ಶನ, ಲಾಕುಳ ಸಿದ್ಧಾಂತ, ಪತಂಜಲಿಯ ಯೋಗಶಾಸ್ತ್ರ. ಜೊತೆಗೆ ಕುಂಟರು, ಕುರುಡರು, ಬಡವರಿಗೆ ಊಟ, ರೋಗಿಗಳಿಗೆ ಔಷಧ. ಆ ಮಠದವರು ಕಾಳಾಮುಖರು. ಹೆಸರು ಕೇಳಿದರೆ ಬೆಚ್ಚಬೇಕು, ಕೆಲಸ ನೋಡಿದರೆ ವಿಶ್ವವಿದ್ಯಾಲಯ ಮತ್ತು ಆಸ್ಪತ್ರೆ.

ಹಾಸನದವರಿಗೆ ಇನ್ನೊಂದು ಸಂಗತಿ. 1927ರಲ್ಲಿ ಹಾಸನದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗ ಪ್ರದರ್ಶನ ನೀಡಿದರು. ಅದನ್ನು ಬೆರಗಿನಿಂದ ನೋಡಿದವರಲ್ಲಿ ಹತ್ತಿರದ ಕೌಶಿಕ ಗ್ರಾಮದ ಹನ್ನೆರಡು ವರ್ಷದ ಹುಡುಗನೊಬ್ಬನಿದ್ದ. ಮರುದಿನವೇ ಹೋಗಿ ಶಿಷ್ಯನಾದ. ಅವನೇ ಮುಂದೆ ಮೈಸೂರಿನಲ್ಲಿ ಅಷ್ಟಾಂಗ ಯೋಗದ ಶಾಲೆ ನಡೆಸಿ ಜಗತ್ತಿನ ಮೂಲೆಮೂಲೆಗೆ ಅದನ್ನು ಮುಟ್ಟಿಸಿದ ಪಟ್ಟಾಭಿ ಜೋಯಿಸರು. ಕೃಷ್ಣಮಾಚಾರ್ಯರು 1934ರಲ್ಲಿ ಬರೆದ ‘ಯೋಗ ಮಕರಂದ’ ಕನ್ನಡದ ಪುಸ್ತಕ. ನ್ಯೂಯಾರ್ಕಿನಲ್ಲಿ ಮೂಲಬಂಧ ಅಭ್ಯಾಸ ಮಾಡುವವರ ಗುರುಪರಂಪರೆ ನಮ್ಮ ಜಿಲ್ಲೆಯ ಒಂದು ಹಳ್ಳಿಯ ಮೂಲಕ ಹೋಗುತ್ತದೆ ಎಂದರೆ ಹೆಮ್ಮೆಯೇ. ಆ ಹೆಮ್ಮೆಯ ಜೊತೆಗೇ ಇನ್ನೊಂದನ್ನೂ ಹೇಳಬೇಕು. ಪಾಠದ ವೇಳೆ ಜೋಯಿಸರು ಅನುಚಿತವಾಗಿ ಮುಟ್ಟುತ್ತಿದ್ದರೆಂದು ಹಲವು ಶಿಷ್ಯೆಯರು ಬಹಿರಂಗವಾಗಿ ಆರೋಪಿಸಿದರು. ಅವರ ಮೊಮ್ಮಗ 2019ರಲ್ಲಿ ಆ ನೋವಿಗೆ ಕ್ಷಮೆ ಕೇಳಿದರು. ಕಲಿಸುವವರು ಎಷ್ಟೇ ದೊಡ್ಡವರಾಗಲಿ, ಮೈ ನಮ್ಮದು. ವಿಶೇಷವಾಗಿ ಹುಡುಗಿಯರಿಗೆ ಹೇಳುತ್ತೇನೆ. ‘ಶಕ್ತಿ’, ‘ದೀಕ್ಷೆ’, ‘ಗುಟ್ಟು’ ಎಂದು ಯಾರಾದರೂ ಬಾಗಿಲು ಹಾಕಿಕೊಂಡರೆ ಎದ್ದು ಬನ್ನಿ.

ಕತ್ತಿ ಮತ್ತು ಗಾಳಿ

ಇಷ್ಟೆಲ್ಲ ಓದಿದ ಮೇಲೆ ನನಗೆ ದಾರಿ ತೋರಿಸಿದ್ದು ಪಠ್ಯಪುಸ್ತಕದಲ್ಲಿ ಎಂದೋ ಕೇಳಿದ್ದ ಕನ್ನಡದ್ದೇ ಒಂದು ಕಥೆ. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭು ಗೋರಕ್ಷನನ್ನು ಭೇಟಿಯಾಗುವ ಪ್ರಸಂಗ. ಗೋರಕ್ಷ ಸಾಮಾನ್ಯನಲ್ಲ, ನಾಥರ ಮಹಾಸಿದ್ಧ. ಸಾಧನೆಯಿಂದ ಮೈಯನ್ನು ವಜ್ರದಂತೆ ಮಾಡಿಕೊಂಡವನು. ಬೇಕಾದರೆ ಕತ್ತಿಯಿಂದ ಹೊಡೆದು ನೋಡು ಎನ್ನುತ್ತಾನೆ. ಅಲ್ಲಮ ಹೊಡೆದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿದಂತೆ ಖಣಿಲೆನ್ನುತ್ತದೆ, ಒಂದು ಕೂದಲೂ ಕೊಂಕುವುದಿಲ್ಲ. ಗೋರಕ್ಷ ಬೀಗುತ್ತಾನೆ. ಈಗ ನನ್ನನ್ನು ಹೊಡೆ ಎನ್ನುತ್ತಾನೆ ಅಲ್ಲಮ. ಗೋರಕ್ಷ ಕತ್ತಿ ಬೀಸುತ್ತಾನೆ. ಕತ್ತಿ ಗಾಳಿಯಲ್ಲಿ ಆಡಿದ ಹಾಗೆ ಆಚೆಯಿಂದ ಈಚೆಗೆ ಬರುತ್ತದೆ. ತಾಗಲು ಅಲ್ಲಿ ಏನೂ ಇಲ್ಲ.

ಪರೀಕ್ಷೆಗೆ ಓದುತ್ತಿರುವ ನಮ್ಮಂಥವರು ಇಂಥ ಸಾಧನೆಗಳ ಕಡೆ ಹೋಗುವುದು ಗೋರಕ್ಷನ ಆಸೆಯಿಂದ. ಇಂಟರ್‌ವ್ಯೂನಲ್ಲಿ ಯಾರೂ ಅಲುಗಾಡಿಸಲಾಗದಂಥ ಗಟ್ಟಿತನ, ಒಂದು ಸಲ ಓದಿದರೆ ಮರೆಯದ ನೆನಪು, ಎದುರಿದ್ದವರು ಒಪ್ಪಿಬಿಡುವಂಥ ವರ್ಚಸ್ಸು. ಮಾರುವವರಿಗೂ ಅದು ಗೊತ್ತು, ಪೋಸ್ಟರಿನಲ್ಲಿ ಅದನ್ನೇ ಬರೆಯುತ್ತಾರೆ. ಅಲ್ಲಮ ಕೇಳುವುದು ಬೇರೆ ಪ್ರಶ್ನೆ: ಏಟು ಬೀಳುವುದಕ್ಕೆ ‘ನಾನು’ ಎಂಬ ಗಡ್ಡೆ ಯಾಕೆ ಬೇಕು? ಫಲಿತಾಂಶದ ಪಟ್ಟಿಯಲ್ಲಿ ಹೆಸರು ಇಲ್ಲದಾಗ ಆಗುವ ನೋವಿನಲ್ಲಿ ಕಾಲುಭಾಗ ಕೆಲಸ ಸಿಗಲಿಲ್ಲ ಎಂಬುದು. ಮುಕ್ಕಾಲು ಭಾಗ, ಪಕ್ಕದ ಮನೆಯವರು ಏನೆನ್ನುತ್ತಾರೋ ಎಂಬ ಆ ಗಡ್ಡೆ. ನಾನು ಅಲ್ಲಮನಾಗಿಲ್ಲ, ಆಗುವುದೂ ಇಲ್ಲ. ಆದರೆ ಧ್ಯಾನಕ್ಕೆ ಕೂತಾಗ ಮೈ ವಜ್ರವಾಗಲಿ ಎಂದು ಬಯಸುತ್ತಿದ್ದೇನೋ, ಸ್ವಲ್ಪ ಹಗುರಾಗಲಿ ಎಂದು ಬಯಸುತ್ತಿದ್ದೇನೋ ಎಂದು ನೋಡಿಕೊಳ್ಳುವುದಕ್ಕೆ ಈ ಕಥೆ ಸಾಕು.

ಈಗ ಗೆಳೆಯನ ವಿಷಯ. ಅವನನ್ನು ಊರಿಗೆ ಕರೆಸಿಕೊಂಡು ಡಾಕ್ಟರ ಬಳಿಗೆ ಕರೆದುಕೊಂಡು ಹೋದೆವು. ಅವರು ಬೈಯಲಿಲ್ಲ, ನಗಲಿಲ್ಲ. ನಿದ್ದೆಗೆಟ್ಟು, ಪರೀಕ್ಷೆಯ ಚಿಂತೆಯಲ್ಲಿರುವವನು ಹೊತ್ತುಗಟ್ಟಲೆ ಜೋರು ಉಸಿರಾಟ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಇಳಿದು ಜುಮುಗುಟ್ಟುವಿಕೆ, ತಲೆಸುತ್ತು, ಎದೆಬಡಿತ ಬರುತ್ತದೆ, ಅದನ್ನು ಕಂಡು ಹೆದರಿದರೆ ಪ್ಯಾನಿಕ್ ಆಗುತ್ತದೆ ಎಂದು ವಿವರಿಸಿದರು. ಉಸಿರಿನ ಸಾಹಸ ನಿಲ್ಲಿಸಿ, ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಕೆಲವು ವಾರ ಔಷಧ. ನಿಧಾನವಾಗಿ ಸರಿಹೋದ. ಕೊಟ್ಟ ದುಡ್ಡು ಮಾತ್ರ ವಾಪಸ್ ಬರಲಿಲ್ಲ. ಅಪಸ್ಮಾರ, ಹೃದಯದ ತೊಂದರೆ, ಹೆಚ್ಚಿದ ರಕ್ತದೊತ್ತಡ ಇರುವವರು, ಗರ್ಭಿಣಿಯರು, ಹಿಂದೆ ಮಾನಸಿಕ ಕಾಯಿಲೆ ಬಂದಿದ್ದವರು ಉಸಿರು ಕಟ್ಟುವ ಪ್ರಯೋಗಕ್ಕೆ ಇಳಿಯಲೇಬಾರದು. ರಾತ್ರಿ ಎರಡು ಗಂಟೆಗೆ ಎದೆ ಹೊಡೆದುಕೊಂಡರೆ ಕೋರ್ಸಿನವರಿಗಲ್ಲ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇಪ್ಪತ್ತೊಂದು ದಿನ ಅನ್ನುವವರಿಗೆ ನಮ್ಮ ತಾಲ್ಲೂಕಿನ ಯಾವ ರೈತನಾದರೂ ಉತ್ತರ ಕೊಟ್ಟಾನು. ಅರಸೀಕೆರೆ, ತಿಪಟೂರಿನ ಉಂಡೆ ಕೊಬ್ಬರಿ ಆಗುವುದು ಹೇಗೆ? ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲುಗಿಸಿದರೆ ಗುಡುಗುಡು ಸದ್ದಾಗಬೇಕು. ಮಧ್ಯೆ ಆತುರಪಟ್ಟು ಒಡೆದರೆ ಚಿಪ್ಪಿನ ಜೊತೆ ಕೊಬ್ಬರಿಯೂ ಚೂರು. ಹಾಗೆಂದು ಹನ್ನೊಂದು ತಿಂಗಳು ಅಟ್ಟದ ಕೆಳಗೆ ಉಸಿರು ಬಿಗಿಹಿಡಿದು ಯಾರೂ ನಿಲ್ಲುವುದಿಲ್ಲ. ಹೊಲದ ಕೆಲಸ ನೋಡಿಕೊಂಡಿರುತ್ತಾರೆ.

ಹತ್ತು ನಿಮಿಷ ಸಾಕು

ದೀಕ್ಷೆ, ಬೀಜಮಂತ್ರ, ಶ್ರೀವಿದ್ಯೆಯಂಥ ಉಪಾಸನೆಗಳಿಗೆ ಬಲ್ಲ ಗುರು ಬೇಕು, ವರ್ಷಗಳು ಬೇಕು. ಅದರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ತಂತ್ರದಿಂದಲೇ ಬಂದು ಯಾರು ಬೇಕಾದರೂ ಮಾಡಬಹುದಾದಷ್ಟು ಸರಳವಾಗಿರುವುದೂ ಇವೆ. ಯೋಗನಿದ್ರೆ ಗೊತ್ತಿರಬೇಕಲ್ಲ? ಮಲಗಿಕೊಂಡು ಬಲಗೈ ಹೆಬ್ಬೆರಳು, ತೋರುಬೆರಳು, ಅಂಗೈ ಎಂದು ಗಮನವನ್ನು ಮೈಯೆಲ್ಲ ಸುತ್ತಿಸುವುದು. ಮುಂಗೇರ್‌ನ ಬಿಹಾರ ಯೋಗ ವಿದ್ಯಾಲಯದ ಸತ್ಯಾನಂದ ಸರಸ್ವತಿ ಅವರು ಅದನ್ನು ರೂಪಿಸಿದ್ದು ನಮ್ಮ ಅರ್ಚಕರು ಹೇಳಿದ ಅದೇ ನ್ಯಾಸದಿಂದ. ಮಂತ್ರವನ್ನು ತೆಗೆದು, ಮುಟ್ಟುವುದನ್ನು ಬಿಟ್ಟು, ಗಮನವನ್ನು ಮಾತ್ರ ಉಳಿಸಿಕೊಂಡರು.

ಜಪದ ಬಗ್ಗೆಯೂ ಒಂದು ಸ್ವಾರಸ್ಯಕರ ಅಧ್ಯಯನವಿದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ಲೂಸಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು ಪ್ರಕಟಿಸಿದ್ದು. 23 ಮಂದಿ ಆರೋಗ್ಯವಂತರಿಂದ ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆ ಮತ್ತು ‘ಓಂ ಮಣಿ ಪದ್ಮೇ ಹುಂ’ ಮಂತ್ರ ಎರಡನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಆ ಗತಿಯಲ್ಲಿ ಹೃದಯ ಬಡಿತ ಮತ್ತು ರಕ್ತದೊತ್ತಡದ ಏರಿಳಿತಗಳು ಒಂದಕ್ಕೊಂದು ಹೊಂದಿಕೊಂಡವು. ಸಣ್ಣ ಅಧ್ಯಯನ, ಇದರಿಂದ ಕುಂಡಲಿನಿ ಸಾಬೀತಾಗಲಿಲ್ಲ. ಆದರೆ ಯಾವ ದೇವರ ಹೆಸರು ಹೇಳಿದರೂ, ನಿಧಾನವಾಗಿ, ರಾಗವಾಗಿ ಹೇಳಿದರೆ ಉಸಿರಿಗೆ ಒಂದು ಲಯ ಸಿಗುತ್ತದೆ ಎನ್ನುವುದು ಅಜ್ಜಿಯ ಕೋಣೆಯಲ್ಲೂ ಕಾಣುವ ಮಾತು.

ನಾನು ಮಾಡುವುದು ಇಷ್ಟೇ. ವಾರಕ್ಕೆ ಮೂರು ನಾಲ್ಕು ದಿನ ಮಾಲೇಕಲ್ಲಿನ ಮೆಟ್ಟಿಲು ಹತ್ತುತ್ತೇನೆ, ಮಳೆಯಿದ್ದರೆ ಮನೆಯ ಜಗಲಿ. ಅರ್ಧ ಬೆಟ್ಟದಲ್ಲಿ ಒಂದು ಕಡೆ ಕೂತು ಮೊದಲು ಏದುಸಿರು ತಾನಾಗಿ ಇಳಿಯಲು ಬಿಡುತ್ತೇನೆ. ಪಾದದಿಂದ ನೆತ್ತಿಯವರೆಗೆ ಒಂದೊಂದೇ ಭಾಗಕ್ಕೆ ಗಮನ ಒಯ್ಯುತ್ತೇನೆ. ಆಮೇಲೆ ಮೂಗಿನಿಂದ ನಿಧಾನವಾಗಿ ಒಳಕ್ಕೆ, ಅದಕ್ಕಿಂತ ನಿಧಾನವಾಗಿ ಹೊರಕ್ಕೆ, ಬಾಯಿ ಮುಚ್ಚಿ ದುಂಬಿಯಂತೆ ಸಣ್ಣಗೆ ಗುಂಯ್‌ಗುಡುತ್ತಾ ಹತ್ತು ಹನ್ನೆರಡು ಉಸಿರು. ಎಲ್ಲೂ ಕಟ್ಟಿ ಹಿಡಿಯುವುದಿಲ್ಲ. ಕೊನೆಗೆ ಗುಂಯ್ ನಿಂತ ಮೇಲೆ ಉಳಿಯುವ ಸದ್ದಿಲ್ಲದ ಜಾಗವನ್ನು ಸುಮ್ಮನೆ ಕೇಳುತ್ತೇನೆ. ಹತ್ತು ನಿಮಿಷ. ರ‍್ಯಾಂಕು ಬಂದಿಲ್ಲ. ಆದರೆ ಸಂವಿಧಾನದ ವಿಧಿಗಳನ್ನು ಓದುವಾಗ ಫೋನಿನ ಕಡೆ ಕೈ ಹೋಗುವುದು ಕಡಿಮೆಯಾಗಿದೆ, ಹೋದಾಗ ಅದು ಹೋಗುತ್ತಿರುವುದಾದರೂ ಕಾಣುತ್ತದೆ.

ಕಾಶ್ಮೀರದ ಶೈವರ ‘ವಿಜ್ಞಾನಭೈರವ’ ಎಂಬ ಪುಟ್ಟ ತಂತ್ರಗ್ರಂಥವಿದೆ, ಸಾವಿರ ವರ್ಷಕ್ಕೂ ಹಳೆಯದು. ಶಿವ ದೇವಿಗೆ 112 ಬಗೆಯ ಧಾರಣೆಗಳನ್ನು ಹೇಳುತ್ತಾನೆ. ಅದನ್ನು ಓದಿದ ಮೇಲೆ ತಂತ್ರದ ಬಗ್ಗೆ ನನಗಿದ್ದ ಅಳಿದುಳಿದ ಹೆದರಿಕೆಯೂ ಹೋಯಿತು. ಒಳಗೆ ಬಂದ ಉಸಿರು ಹೊರಗೆ ತಿರುಗುವ ಜಾಗವನ್ನು ಗಮನಿಸು ಎನ್ನುತ್ತದೆ. ತಂತಿವಾದ್ಯದ ನಾದ ಸಣ್ಣದಾಗುತ್ತಾ ಹೋಗುವುದನ್ನು ಕೊನೆಯವರೆಗೆ ಕೇಳು, ಮೋಡವಿಲ್ಲದ ಆಕಾಶವನ್ನು ದಿಟ್ಟಿಸು ಎನ್ನುತ್ತದೆ. ರುಚಿಯಾಗಿ ಉಂಡಾಗ, ಬಹಳ ದಿನದ ಮೇಲೆ ನೆಂಟನನ್ನು ಕಂಡಾಗ ಉಕ್ಕುವ ಸಂತೋಷದಲ್ಲಿ ನಿಲ್ಲು ಎನ್ನುತ್ತದೆ. ಸೀನು ಬರುವ ಮುಂಚಿನ ಕ್ಷಣವನ್ನೂ ಬಿಟ್ಟಿಲ್ಲ. ನನಗೆ ಬಹಳ ಇಷ್ಟವಾದದ್ದು, ಚಲಿಸುವ ಗಾಡಿಯಲ್ಲಿ ಕೂತಾಗ ಮೈ ತೂಗುವುದನ್ನೇ ಹಿಡಿದು ಮನಸ್ಸನ್ನು ನಿಲ್ಲಿಸು ಎನ್ನುವ ಒಂದು ಧಾರಣೆ. ಜಂಕ್ಷನ್ ಊರಿನವರಾದ ನಮಗೆಂದೇ ಬರೆದ ಹಾಗಿದೆ. ಪರೀಕ್ಷೆಗೋ ಇಂಟರ್‌ವ್ಯೂಗೋ ಅರಸೀಕೆರೆಯಲ್ಲಿ ಬೆಂಗಳೂರಿನ ರೈಲು ಹತ್ತಿದಾಗ ನೋಟ್ಸ್ ತಿರುವಿ ಹಾಕುವ ಬದಲು ಒಮ್ಮೆ ಪ್ರಯತ್ನಿಸಿ. ಜನರಲ್ ಬೋಗಿಯಲ್ಲಿ ನಿಂತುಕೊಂಡರೂ ನಡೆಯುತ್ತದೆ, ಮೈ ಇನ್ನೂ ಚೆನ್ನಾಗಿ ತೂಗುತ್ತದೆ. ತಿಪಟೂರು ದಾಟುವಷ್ಟರಲ್ಲಿ ತೂಕಡಿಕೆ ಬಂದರೆ ಬೇಜಾರಾಗಬೇಡಿ. ನಿದ್ದೆ ಇನ್ನೂ ಬಂದಿಲ್ಲ, ಎಚ್ಚರ ಆಗಲೇ ಹೊರಟಿದೆ ಎನ್ನುವ ಆ ನಡುವಿನ ಕ್ಷಣವೂ ಆ 112ರ ಪಟ್ಟಿಯಲ್ಲಿದೆ.